ಮುಳುಗಿದ ಪಿಂಚಣಿ ಕಂಪನಿ: "ನಿಯಂತ್ರಕರ ಮೇಲೆ ತನಿಖೆ ಬೇಕಾ?" ಅಂತ ಜನರನ್ನು ಕೇಳಿದಾಗ ಉತ್ತರ ಬರೆಯೋದು ಹೇಗೆ

ನಮ್ಮ ಬಡಾವಣೆಯ ಸಹಕಾರ ಸೊಸೈಟಿಯೊಂದು ಬಾಗಿಲು ಹಾಕಿದ ವರ್ಷದ ಮಾತು. ಪಕ್ಕದ ಮನೆಯ ಟೀಚರಮ್ಮ ನಾಲ್ಕು ಪುಟದ ಅರ್ಜಿ ಹಿಡಿದುಕೊಂಡು ಬಂದು "ಒಂದ್ಸಲ ಓದಿ ನೋಡಪ್ಪ, ಏನಾದ್ರೂ ಬಿಟ್ಟುಹೋಗಿದ್ಯಾ" ಅಂದರು. ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದ ಕೈ, ಅಕ್ಷರ ಮುತ್ತಿನ ಹಾಗಿತ್ತು. ಆದರೆ ಮೂರೂಮುಕ್ಕಾಲು ಪುಟ ಸೊಸೈಟಿ ಅಧ್ಯಕ್ಷರ ಬಗ್ಗೆಯೇ. ಅವರ ಹೊಸ ಕಾರು, ಮಗಳ ಮದುವೆಗೆ ಹಾಕಿಸಿದ್ದ ಪೆಂಡಾಲು, ಠೇವಣಿ ಕೇಳಲು ಹೋದಾಗ ಕೂರಿ ಅಂತಲೂ ಅನ್ನದೆ ಒಂದು ಗಂಟೆ ನಿಲ್ಲಿಸಿದ್ದು. ಕೊನೆಯ ಎರಡು ಸಾಲಲ್ಲಿ ಮಾತ್ರ "ಇಲಾಖೆಯವರೂ ಕಣ್ಣು ಮುಚ್ಚಿ ಕುಳಿತಿದ್ದರು" ಅಂತ ಇತ್ತು. ತಮಾಷೆ ಏನು ಗೊತ್ತಾ, ಆ ಅರ್ಜಿ ಹೋಗುತ್ತಿದ್ದದ್ದೇ ಇಲಾಖೆ ಏನು ಮಾಡಿತು ಅಂತ ವಿಚಾರಿಸಬೇಕಾದ ಮೇಲಿನವರಿಗೆ! ನಾನೂ ಆಗ ಏನೂ ಹೇಳಲಿಲ್ಲ. ಎರಡು ಕಡೆ ಅಲ್ಪವಿರಾಮ ಹಾಕಿ ವಾಪಸ್ ಕೊಟ್ಟೆ. ಎರಡು ತಿಂಗಳಿಗೆ ಹಿಂಬರಹ ಬಂತು. ದೂರು ಸೊಸೈಟಿಯ ಆಡಳಿತಕ್ಕೆ ಸಂಬಂಧಿಸಿದ್ದರಿಂದ ಮುಂದಿನ ಕ್ರಮಕ್ಕಾಗಿ ಸೊಸೈಟಿಗೇ ಕಳುಹಿಸಲಾಗಿದೆಯಂತೆ. ಬೀಗ ಬಿದ್ದ ಸೊಸೈಟಿಗೆ.

ಆ ಕೊನೆಯ ಎರಡು ಸಾಲನ್ನೇ ಹಿಗ್ಗಿಸಿ ಬರೆಯಬೇಕಿತ್ತು, ಉಳಿದದ್ದನ್ನು ಎರಡು ಸಾಲಿಗೆ ಇಳಿಸಬೇಕಿತ್ತು. ಈ ಲೇಖನದಲ್ಲಿ ನಾನು ಹೇಳೋದು ಇಷ್ಟೇ, ಆದರೆ ಅದನ್ನು ಮಾಡೋದು ಹೇಗೆ ಅನ್ನೋದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ಉದಾಹರಣೆಗೆ ಇಂಗ್ಲೆಂಡಿನ ಈಕ್ವಿಟಬಲ್ ಲೈಫ್ ಪ್ರಕರಣವನ್ನು ಇಟ್ಟುಕೊಳ್ಳುತ್ತೇನೆ. ಪಿಂಚಣಿ ಕಂಪನಿ ಮುಳುಗಿದ ಮೇಲೆ "ಕಾವಲುಗಾರರ ಮೇಲೆ ತನಿಖೆ ಮಾಡಬೇಕಾ?" ಅಂತ ಜನರ ಅಭಿಪ್ರಾಯ ಕೇಳಿದ್ದಕ್ಕೆ ಇಷ್ಟು ಉದ್ದದ, ಇಷ್ಟು ಪಾಠ ಇರುವ ಕೇಸು ಇನ್ನೊಂದನ್ನು ನಾನು ಕಂಡಿಲ್ಲ. ಜೊತೆಗೆ ನಮ್ಮವರಿಗೂ ಅದರ ನಂಟಿದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ನೌಕರರು ಸಂಬಳದಿಂದ ಹೆಚ್ಚುವರಿ ಪಿಂಚಣಿಗೆ ಹಣ ಕಟ್ಟಬಹುದಾಗಿದ್ದ ಕಂಪನಿಗಳಲ್ಲಿ ಇದೂ ಒಂದಾಗಿತ್ತು. ಮೈಸೂರು, ಮಣಿಪಾಲ, ಹುಬ್ಬಳ್ಳಿಯಲ್ಲಿ ಓದಿ ಅಲ್ಲಿಗೆ ಹೋದ ಡಾಕ್ಟರುಗಳು ಅದೇ ಸೇವೆಯಲ್ಲೇ ಅಲ್ವಾ ದುಡಿದದ್ದು.

ಮೊದಲು ಕಥೆ, ಚಿಕ್ಕದಾಗಿ

ಈಕ್ವಿಟಬಲ್ ಶುರುವಾದದ್ದು 1762ರಲ್ಲಿ. ಮುಳುಗುವ ಹೊತ್ತಿಗೆ ಅದು ಜಗತ್ತಿನ ಅತಿ ಹಳೆಯ ಮ್ಯೂಚುವಲ್ ಜೀವವಿಮೆ ಕಂಪನಿಯಾಗಿತ್ತು, ಅಂದರೆ ಷೇರುದಾರರು ಇಲ್ಲ, ಪಾಲಿಸಿದಾರರೇ ಮಾಲೀಕರು. 1957ರಿಂದ 1988ರವರೆಗೆ ಅದು ಮಾರಿದ ಕೆಲವು ಪಿಂಚಣಿ ಪಾಲಿಸಿಗಳಲ್ಲಿ ಒಂದು ಖಾತ್ರಿ ಇತ್ತು: ನೀವು ನಿವೃತ್ತರಾದಾಗ ಕೂಡಿಟ್ಟ ಗಂಟಿಗೆ ವರ್ಷಕ್ಕೆ ಇಷ್ಟು ಶೇಕಡಾ ಪಿಂಚಣಿ ಕೊಟ್ಟೇ ಕೊಡುತ್ತೇವೆ, ಆಗಿನ ಬಡ್ಡಿ ದರ ಎಷ್ಟೇ ಇರಲಿ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಒಂದು ಲಕ್ಷ ಪೌಂಡಿಗೆ ಖಾತ್ರಿ ಪ್ರಕಾರ ವರ್ಷಕ್ಕೆ 10,000, ಮಾರುಕಟ್ಟೆ ಪ್ರಕಾರ 6,000. ಬಡ್ಡಿ ಜಾಸ್ತಿ ಇದ್ದ ಕಾಲದಲ್ಲಿ ಖಾತ್ರಿ ಯಾರಿಗೂ ಬೇಕಿರಲಿಲ್ಲ. 1990ರ ದಶಕದಲ್ಲಿ ಬಡ್ಡಿ ಇಳಿಯಿತು, ಜನ ಹೆಚ್ಚು ಕಾಲ ಬದುಕತೊಡಗಿದರು, ಖಾತ್ರಿಗೆ ಬಂಗಾರದ ಬೆಲೆ ಬಂತು. ಕಂಪನಿ ಖಾತ್ರಿ ಇದ್ದವರಿಗೆ ಕೊನೆಯ ಬೋನಸ್ ಕಡಿಮೆ ಕೊಟ್ಟು ಸರಿದೂಗಿಸಲು ನೋಡಿತು. ಕೇಸು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 20 ಜುಲೈ 2000ರಂದು ಕಂಪನಿ ಸೋತಿತು. ಸುಮಾರು 150 ಕೋಟಿ ಪೌಂಡಿನ ಹೊರೆ. ತನ್ನನ್ನೇ ಮಾರಿಕೊಳ್ಳಲು ಹೊರಟಿತು, ಕೊಳ್ಳುವವರು ಸಿಗಲಿಲ್ಲ, 8 ಡಿಸೆಂಬರ್ 2000ಕ್ಕೆ ಹೊಸ ವ್ಯವಹಾರ ನಿಲ್ಲಿಸಿತು. 2001ರ ಜುಲೈನಲ್ಲಿ ಪಿಂಚಣಿ ಪಾಲಿಸಿಗಳ ಮೌಲ್ಯವನ್ನು ಶೇ 16ರಷ್ಟು ಕತ್ತರಿಸಿತು. ಖಾತ್ರಿ ಇಲ್ಲದವರಿಗೂ ಆ ಕತ್ತರಿ ಬಿತ್ತು.

ಸರಿ, ಕಂಪನಿ ತಪ್ಪು ಮಾಡಿತು. ಆದರೆ ವರ್ಷ ವರ್ಷ ಅದರ ಲೆಕ್ಕ ನೋಡಲು ಸರ್ಕಾರ ಇಟ್ಟಿದ್ದ ಜನ, ಅಂದರೆ ನಿಯಂತ್ರಕರು, ಏನು ಮಾಡುತ್ತಿದ್ದರು? ಇಲ್ಲಿಂದಲೇ ನಿಮ್ಮ ಕೆಲಸ ಶುರು.

ಒಂದನೇ ಹೆಜ್ಜೆ: ಕೇಳುತ್ತಿರುವವರು ಯಾರು, ಅವರ ಕೈಯಲ್ಲಿ ಏನಿದೆ

ಜನರ ಅಭಿಪ್ರಾಯ ಕೇಳುವ ಪ್ರಕಟಣೆ ಬಂದ ತಕ್ಷಣ ಪೆನ್ನು ತೆಗೆಯಬೇಡಿ. ಅದನ್ನು ಎರಡು ಸಲ ಓದಿ, ಮೂರು ವಿಷಯ ಹುಡುಕಿ: ಕೇಳುತ್ತಿರುವವರಿಗೆ ಯಾವ ಕಾನೂನಿನ ಅಧಿಕಾರ ಇದೆ, ಅವರು ಯಾರ ಬಗ್ಗೆ ತನಿಖೆ ಮಾಡಬಹುದು, ಕೊನೆಗೆ ಏನು ಕೊಡಬಹುದು. ವರದಿ ಮಾತ್ರವಾ, ಪರಿಹಾರದ ಶಿಫಾರಸೂ ಉಂಟಾ?

ಈಕ್ವಿಟಬಲ್ ವಿಷಯದಲ್ಲಿ ಇದೇ ದೊಡ್ಡ ಗೊಂದಲ ಆಗಿದ್ದು. 2001ರಲ್ಲಿ ಸರ್ಕಾರ ಲಾರ್ಡ್ ಪೆನ್ರೋಸ್ ಎಂಬ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. 2004ರ ಮಾರ್ಚ್‌ನಲ್ಲಿ ಎಂಟುನೂರು ಪುಟ ದಾಟಿದ ವರದಿ ಬಂತು. ಜನ ಪರಿಹಾರ ಬರುತ್ತದೆ ಅಂತ ಕಾದಿದ್ದರು. ಆದರೆ ಪೆನ್ರೋಸ್ ಅವರಿಗೆ ವಹಿಸಿದ್ದು ಏನಾಯಿತು ಅಂತ ತಿಳಿಯುವುದು ಮತ್ತು ಮುಂದಕ್ಕೆ ಕಲಿಯಬೇಕಾದ ಪಾಠ ಹೇಳುವುದು, ಅಷ್ಟೇ. ಯಾರಿಗೆ ಎಷ್ಟು ಕೊಡಬೇಕು ಅನ್ನೋದು ಅವರ ಕೆಲಸವೇ ಆಗಿರಲಿಲ್ಲ. ಮೇಲಾಗಿ, ಮುಖ್ಯ ತಪ್ಪು ಕಂಪನಿಯದ್ದೇ, ನಿಯಂತ್ರಕರದ್ದು ಆಮೇಲಿನದು ಅನ್ನುವ ಧಾಟಿಯಲ್ಲಿ ವರದಿ ಇತ್ತು. ಸರ್ಕಾರ ಅದನ್ನೇ ಹಿಡಿದುಕೊಂಡು ಕೈತೊಳೆದುಕೊಂಡಿತು.

ಉಳಿದ ದಾರಿ ಸಂಸತ್ತಿನ ಒಂಬುಡ್ಸ್‌ಮನ್, ಅಂದರೆ ಸರ್ಕಾರಿ ಇಲಾಖೆಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿ. ಆಗ ಆ ಹುದ್ದೆಯಲ್ಲಿದ್ದವರು ಆನ್ ಅಬ್ರಹಾಂ. ಅವರು 2003ರಲ್ಲೇ ಒಂದು ತನಿಖೆ ಮುಗಿಸಿ ನಿಯಂತ್ರಕರ ತಪ್ಪು ಕಾಣಲಿಲ್ಲ ಅಂದಿದ್ದರು. ಪೆನ್ರೋಸ್ ವರದಿ ಬಂದ ಮೇಲೆ, ಮತ್ತೆ ತನಿಖೆ ಬೇಕಾ ಅನ್ನುವ ಬಗ್ಗೆ ಅಭಿಪ್ರಾಯ ಕೇಳಿದರು. ಅವರ ಅಧಿಕಾರ 1967ರ ಕಾಯ್ದೆಯಿಂದ ಬಂದದ್ದು, ಅದರಲ್ಲಿ ಎರಡು ಪದ ಮುಖ್ಯ. ಒಂದು ‘ದುರಾಡಳಿತ’, ಇನ್ನೊಂದು ಅದರಿಂದಾದ ‘ಅನ್ಯಾಯ’. ಎರಡೂ ಇರಬೇಕು, ಎರಡರ ನಡುವೆ ಕೊಂಡಿಯೂ ಇರಬೇಕು. ಬರೀ ನಷ್ಟ ಸಾಲದು.

ಎರಡನೇ ಹೆಜ್ಜೆ: ಒಂದು ಹಾಳೆಯಲ್ಲಿ ಮೂರು ಕಂಬ (ಕಾಲಂ) ಎಳೆಯಿರಿ

ಇದು ಸುಮ್ನೆ ಹೇಳುತ್ತಿಲ್ಲ, ನಿಜವಾಗಿಯೂ ಹಾಳೆ ತೆಗೆದುಕೊಳ್ಳಿ. ಮೊದಲ ಕಂಬದಲ್ಲಿ ಕಂಪನಿ ಮಾಡಿದ್ದು. ಎರಡನೆಯದರಲ್ಲಿ ಯಾರ ಕೈಯಲ್ಲೂ ಇಲ್ಲದ್ದು: ಬಡ್ಡಿ ಇಳಿತ, ಷೇರುಪೇಟೆ, ಜನರ ಆಯಸ್ಸು. ಮೂರನೆಯದರಲ್ಲಿ ನಿಯಂತ್ರಕ ಮಾಡಿದ್ದು ಅಥವಾ ಮಾಡದೆ ಬಿಟ್ಟದ್ದು. ನಿಮ್ಮ ಸಿಟ್ಟನ್ನೆಲ್ಲ ಈ ಮೂರರಲ್ಲಿ ಹಂಚಿ. ಮುಕ್ಕಾಲು ಪಾಲು ಮೊದಲನೇ ಕಂಬಕ್ಕೇ ಹೋಗುತ್ತದೆ, ಬೇಜಾರಾಗಬೇಡಿ. ನಿಮ್ಮ ಉತ್ತರ ಹುಟ್ಟೋದು ಮೂರನೇ ಕಂಬದಿಂದ.

ಕಂಪನಿಯ ತಪ್ಪೊಂದನ್ನು ಮೂರನೇ ಕಂಬಕ್ಕೆ ದಾಟಿಸುವ ಕಲೆ ಇದೆ. ಒಂದು ನಿಜವಾದ ಉದಾಹರಣೆ ನೋಡಿ. ವಿಮಾ ಕಂಪನಿಯಲ್ಲಿ ಆಕ್ಚುವರಿ ಅಂತ ಒಬ್ಬರಿರುತ್ತಾರೆ, ಕೊಟ್ಟ ಮಾತಿಗೆಲ್ಲ ಗಂಟಿನಲ್ಲಿ ದುಡ್ಡು ಇದೆಯಾ ಅಂತ ಲೆಕ್ಕ ಹಾಕುವವರು. ಮುಖ್ಯ ಕಾರ್ಯನಿರ್ವಾಹಕರು ವ್ಯಾಪಾರ ಬೆಳೆಸಲು ಹೊರಟಾಗ "ನಿಲ್ಲಿ ಸಾರ್" ಅನ್ನಬೇಕಾದವರು ಅವರೇ. ಈಕ್ವಿಟಬಲ್‌ನಲ್ಲಿ 1991ರಿಂದ ಕೆಲವು ವರ್ಷ ಈ ಎರಡೂ ಕುರ್ಚಿಯಲ್ಲಿ ಒಬ್ಬರೇ ಇದ್ದರು. "ಕಂಪನಿ ಒಬ್ಬರಿಗೇ ಎರಡು ಹುದ್ದೆ ಕೊಟ್ಟಿತು" ಅಂತ ಬರೆದರೆ ಅದು ಮೊದಲ ಕಂಬ. "ಒಬ್ಬರೇ ಎರಡು ಹುದ್ದೆಯಲ್ಲಿ ಇರುವುದು ಇಲಾಖೆಗೆ ಗೊತ್ತಿತ್ತು, ಆದರೂ ಬಿಟ್ಟಿತು" ಅಂದರೆ ಮೂರನೇ ಕಂಬ. ಘಟನೆ ಅದೇ, ಕರ್ತೃ ಬದಲಾಯಿತು. ಮುಂದೆ 2008ರ ವರದಿಯಲ್ಲಿ ಒಂಬುಡ್ಸ್‌ಮನ್ ಎತ್ತಿ ತೋರಿಸಿದ ದುರಾಡಳಿತಗಳಲ್ಲಿ ಇದೂ ಒಂದಾಯಿತು.

ಹಾಗಾಗಿ ನಿಮ್ಮ ಪ್ರತಿ ವಾಕ್ಯದ ಕರ್ತೃ ಯಾರು ಅಂತ ಕೆಂಪು ಪೆನ್ನಲ್ಲಿ ಗುರುತು ಹಾಕಿ. ಶಾಲೆಯಲ್ಲಿ ಕರ್ತೃ-ಕರ್ಮ-ಕ್ರಿಯಾಪದ ಕಲಿತದ್ದು ಇಂಥ ಹೊತ್ತಿಗೆ ಉಪಯೋಗಕ್ಕೆ ಬರುತ್ತೆ.

ಮೂರನೇ ಹೆಜ್ಜೆ: ತಾರೀಕು, ತಾರೀಕು, ತಾರೀಕು

ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನನ್ನ ಪ್ರಕಾರ ಇಡೀ ಉತ್ತರದಲ್ಲಿ ಹೆಚ್ಚು ತೂಕ ಇರೋದು ಇದಕ್ಕೇ.

ನಿಯಂತ್ರಕ ಅಂದರೆ ಒಂದೇ ಕಚೇರಿ ಅಂದುಕೊಳ್ಳಬೇಡಿ. ಈಕ್ವಿಟಬಲ್ ಮೇಲೆ ಕಣ್ಣಿಡುವ ಕೆಲಸ 1998ರ ಆರಂಭದವರೆಗೆ ವ್ಯಾಪಾರ ಮತ್ತು ಕೈಗಾರಿಕೆ ಇಲಾಖೆಯದ್ದು. ಆಮೇಲೆ ಒಂದು ವರ್ಷ ಹಣಕಾಸು ಖಾತೆಯದ್ದು, ಅಂದರೆ ಟ್ರೆಷರಿ. 1999ರ ಜನವರಿಯಿಂದ ಟ್ರೆಷರಿಯ ಪರವಾಗಿ ಎಫ್‌ಎಸ್‌ಎ ಎಂಬ ಹೊಸ ಸಂಸ್ಥೆ ನೋಡಿಕೊಂಡಿತು. 2001ರ ಡಿಸೆಂಬರ್‌ನಿಂದ ಅದೇ ಸಂಸ್ಥೆ ಸ್ವಂತ ಅಧಿಕಾರದಲ್ಲಿ. ಇವರೆಲ್ಲರ ಹಿಂದೆ ಲೆಕ್ಕ ಪರಿಶೀಲಿಸಿ ಸಲಹೆ ಕೊಡಲು ಸರ್ಕಾರಿ ಆಕ್ಚುವರಿ ಇಲಾಖೆ ಬೇರೆ.

2003ರಲ್ಲಿ ಒಂಬುಡ್ಸ್‌ಮನ್ ತಪ್ಪು ಕಾಣಲಿಲ್ಲ ಅಂದಿದ್ದು ಯಾಕೆ ಗೊತ್ತಾ? ಆ ತನಿಖೆ ನೋಡಿದ್ದು 1999ರ ಜನವರಿಯಿಂದ 2000ದ ಡಿಸೆಂಬರ್‌ವರೆಗೆ, ಎರಡೇ ಎರಡು ವರ್ಷ. ಕೊಳೆತದ್ದು ಅದಕ್ಕಿಂತ ಎಷ್ಟೋ ಮೊದಲು. ಮನೆ ಬಿದ್ದ ದಿನದ ಫೋಟೋ ನೋಡಿ ಮೇಸ್ತ್ರಿ ತಪ್ಪು ಹುಡುಕಿದ ಹಾಗಾಯಿತು, ಪಾಯ ಹಾಕಿದ ದಿನದ ಫೋಟೋ ಯಾರೂ ತೆಗೆಸಲೇ ಇಲ್ಲ. ಆದ್ದರಿಂದ ಮರುತನಿಖೆಯ ಪರವಾಗಿ ಬರೆಯುವವರಿಗೆ "ನಮಗೆ ಅನ್ಯಾಯವಾಗಿದೆ" ಅನ್ನುವುದಕ್ಕಿಂತ "ನೀವು ನೋಡಿದ್ದು ಎರಡು ವರ್ಷ, ಪೆನ್ರೋಸ್ ವರದಿ ತೋರಿಸುತ್ತಿರುವ ತೊಂದರೆ ಅದಕ್ಕಿಂತ ಹತ್ತು ವರ್ಷ ಹಿಂದಿನದು" ಅನ್ನುವುದೇ ಬಲವಾದ ವಾದ. ಹೊಸ ಸಾಕ್ಷ್ಯ ಇದೆ, ಹಳೆಯ ತನಿಖೆ ಅದನ್ನು ಮುಟ್ಟಿಲ್ಲ. ಒಮ್ಮೆ ಮುಚ್ಚಿದ ಕಡತ ತೆರೆಸಬೇಕಾದರೆ ಈ ಎರಡು ಮಾತು ಬೇಕೇ ಬೇಕು.

ಸಲಹೆ ಕೊಟ್ಟ ಆಕ್ಚುವರಿ ಇಲಾಖೆಯಂತೂ ಆ ಹೊತ್ತಿನಲ್ಲಿ ಒಂಬುಡ್ಸ್‌ಮನ್ ಅಧಿಕಾರ ವ್ಯಾಪ್ತಿಯ ಪಟ್ಟಿಯಲ್ಲೇ ಇರಲಿಲ್ಲ. ಅದನ್ನು ಸೇರಿಸಲು ಕಾನೂನು ತಿದ್ದಬೇಕಾಯಿತು, ತಿದ್ದಿದರು. ನಿಮ್ಮ ಉತ್ತರದಲ್ಲಿ "ಇಂಥ ಕಚೇರಿ ನಿಮ್ಮ ಪಟ್ಟಿಯಲ್ಲಿ ಇಲ್ಲ, ಸೇರಿಸದೆ ತನಿಖೆ ಪೂರ್ತಿಯಾಗಲ್ಲ" ಅಂತ ಹೇಳುವುದು ಅಧಿಕಪ್ರಸಂಗ ಅಲ್ಲ. ಅವರಿಗೆ ಸಹಾಯವೇ.

ತಾರೀಕು ಒಬ್ಬೊಬ್ಬರ ಜೇಬಿಗೂ ತಟ್ಟಿತು. ಕೊನೆಗೆ ಪರಿಹಾರ ಯೋಜನೆ ಬಂದಾಗ 1 ಸೆಪ್ಟೆಂಬರ್ 1992ಕ್ಕಿಂತ ಮೊದಲು ಲಾಭಾಂಶ ಸಹಿತ ಆನ್ಯುಟಿ (ಕೂಡಿಟ್ಟ ಗಂಟು ಕೊಟ್ಟು ಬದುಕಿರುವವರೆಗೆ ಪಡೆಯುವ ಪಿಂಚಣಿ) ಕೊಂಡವರನ್ನು ಹೊರಗಿಟ್ಟರು. ನಿಯಂತ್ರಕರು ಸರಿಯಾಗಿ ಕೆಲಸ ಮಾಡಿದ್ದರೂ ಆ ತಾರೀಕಿಗೆ ಮೊದಲು ನಿಮಗೆ ಏನೂ ಗೊತ್ತಾಗುತ್ತಿರಲಿಲ್ಲ, ಆದ್ದರಿಂದ ನಿಮ್ಮ ನಷ್ಟ ಅವರ ತಪ್ಪಿನಿಂದ ಆದದ್ದಲ್ಲ ಅನ್ನುವ ತರ್ಕ. ವಯಸ್ಸಾದವರೇ ಜಾಸ್ತಿ ಇದ್ದ ಗುಂಪು ಅದು. ಅವರು ಗಲಾಟೆ ಮಾಡಿ ಮಾಡಿ, 2013ರ ಬಜೆಟ್‌ನಲ್ಲಿ ತಲಾ 5,000 ಪೌಂಡ್ ಸಿಕ್ಕಿತು, ಅದೂ ಹಕ್ಕಿನ ಪರಿಹಾರ ಅಂತಲ್ಲ, ಕೃಪೆಯಿಂದ ಕೊಟ್ಟದ್ದು ಅಂತ.

ಆದ್ದರಿಂದ ಒಂದು ಉದ್ದ ಗೆರೆ ಎಳೆದು, ಮೇಲೆ ಯಾವ ವರ್ಷ ಯಾವ ಕಚೇರಿ ಅಂತ, ಕೆಳಗೆ ನೀವು ಯಾವತ್ತು ಏನು ಕಟ್ಟಿದಿರಿ ಅಂತ ಬರೆಯಿರಿ. ಈ ಗೆರೆಯನ್ನೇ ಉತ್ತರಕ್ಕೆ ಲಗತ್ತಿಸಿ. ಓದುವವರಿಗೆ ನಾಲ್ಕು ಪುಟದ ಗೋಳಿಗಿಂತ ಇದು ಉಪಯೋಗ.

ನಾಲ್ಕನೇ ಹೆಜ್ಜೆ: ಕಾಗದ ಹುಡುಕಿ, ಆದರೆ ಸರಿಯಾದ ಕಾಗದ

ಪಾಲಿಸಿ ಬಾಂಡ್ ಎಲ್ಲರೂ ಲಗತ್ತಿಸುತ್ತಾರೆ. ಅದು ನೀವು ಪಾಲಿಸಿದಾರ ಅನ್ನುವುದಕ್ಕೆ ಸಾಕ್ಷಿ, ಅಷ್ಟೇ. ಬೇಕಾದದ್ದು ಬೇರೆ: ವರ್ಷಕ್ಕೊಮ್ಮೆ ಬಂದ ಬೋನಸ್ ನೋಟೀಸು, ಆ ಸಮಯದಲ್ಲಿ ನಿಮಗೆ ಕಂಪನಿಯಿಂದ ಅಥವಾ ನಿಯಂತ್ರಕರಿಂದ ಬಂದ ಪತ್ರ, ಅದನ್ನು ನಂಬಿ ನೀವು ಏನು ಮಾಡಿದಿರಿ ಅನ್ನುವುದಕ್ಕೆ ಚೆಕ್ಕಿನ ಕೌಂಟರ್‌ಫಾಯಿಲ್ಲೋ ಬ್ಯಾಂಕ್ ಸ್ಟೇಟ್‌ಮೆಂಟೋ. ‘ನಂಬಿ’ ಅನ್ನುವ ಪದಕ್ಕೆ ಇಲ್ಲಿ ಬೆಲೆ ಇದೆ. 2000ದಲ್ಲಿ ಕೋರ್ಟಿನಲ್ಲಿ ಸೋತ ಮೇಲೂ ಕಂಪನಿ ಕೆಲವು ತಿಂಗಳು ಹೊಸ ಜನರಿಂದ ದುಡ್ಡು ತೆಗೆದುಕೊಂಡಿತು, ನಿಯಂತ್ರಕರು ಬಿಟ್ಟರು. ಆಮೇಲೆ ಕಂಪನಿಯ ಸ್ಥಿತಿಯ ಬಗ್ಗೆ ನಿಯಂತ್ರಕರೇ ಜನರಿಗೆ ಕೊಟ್ಟ ಮಾಹಿತಿ ದಾರಿ ತಪ್ಪಿಸುವಂತಿತ್ತು ಅಂತಲೂ 2008ರಲ್ಲಿ ತೀರ್ಮಾನವಾಯಿತು. ಆ ಕೆಲವು ತಿಂಗಳಲ್ಲಿ ಹಣ ಹಾಕಿದವನ ಹತ್ತಿರ ತಾರೀಕಿರುವ ಒಂದು ಪತ್ರ ಇದ್ದರೆ, ಹತ್ತು ಪುಟದ ವಾದಕ್ಕೆ ಸಮ.

ಮೂಲ ಪ್ರತಿ ಯಾರಿಗೂ ಕೊಡಬೇಡಿ. ಜೆರಾಕ್ಸ್ ಮಾಡಿಸಿ, ಪ್ರತಿ ಹಾಳೆಯ ಬಲಮೂಲೆಯಲ್ಲಿ ಪೆನ್ಸಿಲಲ್ಲಿ ನಂಬರ್ ಹಾಕಿ, ಉತ್ತರದಲ್ಲಿ "ಲಗತ್ತು 3 ನೋಡಿ" ಅಂತ ಬರೆಯಿರಿ.

ಇನ್ನು ಸಾರ್ವಜನಿಕ ದಾಖಲೆಗಳು. ಎಂಟುನೂರು ಪುಟ ಓದಿ ಅಂತ ನಾನು ಹೇಳಲ್ಲ, ನಾನೂ ಪೂರ್ತಿ ಓದುವವನಲ್ಲ. ವಿಷಯಸೂಚಿ ನೋಡಿ, ನಿಯಂತ್ರಣದ ಅಧ್ಯಾಯ ಯಾವುದು ಅಂತ ಹಿಡಿದು, ನಿಮ್ಮ ವರ್ಷಕ್ಕೆ ಸಂಬಂಧಿಸಿದ ಪ್ಯಾರಾ ಮಾತ್ರ ಓದಿ, ಪ್ಯಾರಾ ನಂಬರ್ ಬರೆದುಕೊಳ್ಳಿ. ನಂಬರ್ ಹಾಕಿ ಉಲ್ಲೇಖಿಸಿದ ಒಂದು ಪ್ಯಾರಾ ಕಂಡರೆ, ಓದುವ ಅಧಿಕಾರಿ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾನೆ.

ಐದನೇ ಹೆಜ್ಜೆ: ‘ದುರಾಡಳಿತ’ದ ಭಾಷೆಯಲ್ಲಿ ಬರೆಯಿರಿ

1967ರ ಕಾಯ್ದೆ ದುರಾಡಳಿತ ಅಂದರೆ ಏನು ಅಂತ ಹೇಳುವುದೇ ಇಲ್ಲ. ಮಸೂದೆ ಮಂಡಿಸುವಾಗ ಸಚಿವ ರಿಚರ್ಡ್ ಕ್ರಾಸ್‌ಮನ್ ಸಂಸತ್ತಿನಲ್ಲಿ ಒಂದು ಪಟ್ಟಿ ಹೇಳಿದ್ದರು: ಪಕ್ಷಪಾತ, ನಿರ್ಲಕ್ಷ್ಯ, ಗಮನ ಕೊಡದಿರುವುದು, ವಿಳಂಬ, ಕೆಲಸ ಬಾರದಿರುವುದು, ಮನಬಂದಂತೆ ನಡೆಯುವುದು, ಹೀಗೆ. ಇವತ್ತಿಗೂ ಅದನ್ನೇ ಹಿಡಿದು ಮಾತಾಡುತ್ತಾರೆ. ಗಮನಿಸಿ, "ತಪ್ಪು ನಿರ್ಧಾರ" ಅನ್ನೋದು ಆ ಪಟ್ಟಿಯಲ್ಲಿ ಇಲ್ಲ. ಅಧಿಕಾರಿ ಎಲ್ಲ ನೋಡಿ, ಯೋಚಿಸಿ, ನಿಮಗೆ ಇಷ್ಟವಾಗದ ನಿರ್ಧಾರ ತೆಗೆದುಕೊಂಡರೆ ಒಂಬುಡ್ಸ್‌ಮನ್ ಅದನ್ನು ಮುಟ್ಟುವ ಹಾಗಿಲ್ಲ. ನೋಡಲೇ ಇಲ್ಲ, ಕೇಳಲೇ ಇಲ್ಲ, ಕೇಳಿದ್ದಕ್ಕೆ ಉತ್ತರ ಬಂತಾ ಅಂತ ಹಿಂದೆ ಬೀಳಲೇ ಇಲ್ಲ ಅಂದರೆ ಮುಟ್ಟಬಹುದು. ಬ್ರಿಟನ್ನಿನಲ್ಲಿ ಆಗ ನಿಯಂತ್ರಣ ಹಗುರವಾಗಿ ಇರಬೇಕು ಅನ್ನುವುದೇ ನೀತಿಯಾಗಿತ್ತು. ಆ ನೀತಿಯನ್ನೇ ಬೈದರೆ ನಿಮ್ಮ ಉತ್ತರ ಕಸದ ಬುಟ್ಟಿಗೆ. ಆ ಹಗುರ ನೀತಿಯಲ್ಲೂ ಮಾಡಲೇಬೇಕಿದ್ದ ಕೆಲಸ ಮಾಡಲಿಲ್ಲ ಅನ್ನಿ.

ಒಂದು ಮಾದರಿ ಕೊಡುತ್ತೇನೆ. ಇದು ನಾನೇ ಊಹಿಸಿಕೊಂಡ ಪಾಲಿಸಿದಾರ, 2004ರಲ್ಲಿ ಬರೆಯುತ್ತಿದ್ದಾನೆ ಅಂದುಕೊಳ್ಳಿ:

"ಮಾನ್ಯರೇ, ಮತ್ತೆ ತನಿಖೆ ಆಗಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣ ಮೂರು. ಒಂದು, ನಿಮ್ಮ 2003ರ ತನಿಖೆ 1999ಕ್ಕಿಂತ ಹಿಂದಿನ ಅವಧಿಯನ್ನು ನೋಡಿಲ್ಲ. ನಾನು ಹಣ ಕಟ್ಟಿದ್ದು 1993ರಿಂದ 1997ರವರೆಗೆ (ಲಗತ್ತು 1). ಎರಡು, ಖಾತ್ರಿ ಇದ್ದ ಪಾಲಿಸಿಗಳಿಗೆ ಕಂಪನಿ ಎಷ್ಟು ಮೀಸಲು ಇಟ್ಟಿದೆ ಎಂದು ಆ ವರ್ಷಗಳ ವಾರ್ಷಿಕ ಲೆಕ್ಕ ಪರಿಶೀಲಿಸಿದ ಇಲಾಖೆ ಕೇಳಿತ್ತೇ, ಕೇಳಿದ್ದರೆ ಬಂದ ಉತ್ತರವೇನು ಎಂಬುದು ಇಲಾಖೆಯ ಕಡತದಲ್ಲಿ ಮಾತ್ರ ಇದೆ. ಅದನ್ನು ತರಿಸಿ ನೋಡುವ ಅಧಿಕಾರ ನಿಮಗಿದೆ, ನನಗಿಲ್ಲ. ಮೂರು, ಕಂಪನಿ ಗಟ್ಟಿಯಾಗಿದೆ ಎಂದು ನಂಬಿ 1996ರಲ್ಲಿ ಬೇರೆ ಕಡೆಯಿದ್ದ ಉಳಿತಾಯವನ್ನೂ ಇಲ್ಲಿಗೆ ವರ್ಗಾಯಿಸಿದೆ (ಲಗತ್ತು 2). ನಿಜ ಸ್ಥಿತಿ ಲೆಕ್ಕದಲ್ಲಿ ಕಂಡಿದ್ದರೆ ವರ್ಗಾಯಿಸುತ್ತಿರಲಿಲ್ಲ. ನನ್ನ ಪಾಲಿಸಿಯಲ್ಲಿ ಖಾತ್ರಿ ಇರಲಿಲ್ಲ."

ಇಷ್ಟೇ. ಒಂದು ಪುಟ ದಾಟುವುದಿಲ್ಲ. ಅಳು ಇಲ್ಲ, ಶಾಪ ಇಲ್ಲ. "ಅದನ್ನು ತರಿಸಿ ನೋಡುವ ಅಧಿಕಾರ ನಿಮಗಿದೆ, ನನಗಿಲ್ಲ" ಅನ್ನುವ ಸಾಲು ನನಗೆ ಬಹಳ ಇಷ್ಟ. ತನಿಖೆ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ನಿಮ್ಮ ಹತ್ತಿರ ಪುರಾವೆ ಇರಬೇಕಾಗಿಲ್ಲ, ಪುರಾವೆ ಎಲ್ಲಿ ಇರಬಹುದು ಅಂತ ತೋರಿಸಿದರೆ ಸಾಕು.

ಪ್ರಕಟಣೆಯಲ್ಲಿ ಪ್ರಶ್ನೆಗಳಿಗೆ ನಂಬರ್ ಕೊಟ್ಟಿದ್ದರೆ ಅದೇ ನಂಬರ್‌ನಲ್ಲಿ ಉತ್ತರಿಸಿ. ಗೊತ್ತಿಲ್ಲದ ಪ್ರಶ್ನೆ ಬಿಟ್ಟುಬಿಡಿ. ಎಲ್ಲದಕ್ಕೂ ಏನಾದರೂ ಬರೆಯಲೇಬೇಕು ಅನ್ನೋದು ಪರೀಕ್ಷೆ ಬರೆದ ಹಳೇ ಅಭ್ಯಾಸ.

ಆರನೇ ಹೆಜ್ಜೆ: ಏನು ಬೇಕು ಅಂತ ಹೇಳಿ

"ನ್ಯಾಯ ಬೇಕು" ಅಂತ ಬರೆಯಬೇಡಿ. ಕ್ಷಮೆ ಬೇಕಾ, ಹಣ ಬೇಕಾ, ಯಾವ ಲೆಕ್ಕದಲ್ಲಿ? ಈಕ್ವಿಟಬಲ್‌ನಲ್ಲಿ ಕೊನೆಗೆ ಹಿಡಿದ ಅಳತೆಗೋಲು ಹೀಗಿತ್ತು: ಅದೇ ದುಡ್ಡನ್ನು ಅಂಥದ್ದೇ ಬೇರೆ ಕಂಪನಿಗಳಲ್ಲಿ ಹಾಕಿದ್ದರೆ ಎಷ್ಟಾಗುತ್ತಿತ್ತು, ಇಲ್ಲಿ ಎಷ್ಟಾಯಿತು, ನಡುವಿನ ವ್ಯತ್ಯಾಸ. ಷೇರುಪೇಟೆ ಬಿದ್ದದ್ದು ಎಲ್ಲರಿಗೂ ಬಿತ್ತು, ಅದು ಇದರಲ್ಲಿ ತಾನಾಗಿಯೇ ಕಳೆದುಹೋಗುತ್ತದೆ. ನೀವು ಬರೆಯುವಾಗಲೇ ಹೀಗೆ ಲೆಕ್ಕ ಹಾಕಿ ತೋರಿಸಿದರೆ ದುರಾಸೆಯ ಅರ್ಜಿ ಅಂತ ಯಾರೂ ತಳ್ಳಿಹಾಕಲು ಆಗಲ್ಲ.

ಪೂರ್ತಿ ಸಿಗುತ್ತದೆ ಅಂತ ಮಾತ್ರ ಎಣಿಸಬೇಡಿ. ಸರ್ಕಾರ ಒಪ್ಪಿದ ಒಟ್ಟು ನಷ್ಟ 430 ಕೋಟಿ ಪೌಂಡ್ ಸುಮಾರು, 2010ರಲ್ಲಿ ತೆಗೆದಿಟ್ಟದ್ದು 150 ಕೋಟಿ. ಆನ್ಯುಟಿ ಪಡೆಯುತ್ತಿದ್ದ ಒಂದು ವರ್ಗಕ್ಕೆ ನಷ್ಟ ಪೂರ್ತಿ ತುಂಬಿಕೊಡಲು ನಿರ್ಧರಿಸಿದರು. ಉಳಿದವರಿಗೆ ಸಿಕ್ಕಿದ್ದು ತಮ್ಮ ನಷ್ಟದ ಶೇ 22.4. ನೂರು ರೂಪಾಯಿಗೆ ಇಪ್ಪತ್ತೆರಡು ರೂಪಾಯಿ ನಲವತ್ತು ಪೈಸೆ. ನನಗೆ ಇದು ಸರಿ ಅನ್ನಿಸಲ್ಲ, ತಪ್ಪು ಸರ್ಕಾರದ್ದೇ ಅಂತ ಒಪ್ಪಿಕೊಂಡ ಮೇಲೆ ಬೊಕ್ಕಸ ಖಾಲಿ ಅನ್ನೋದು ಉತ್ತರವಾ? ಆದರೆ ತನಿಖೆಯೇ ಆಗದಿದ್ದರೆ ಅದೂ ಇರುತ್ತಿರಲಿಲ್ಲ.

ಏಳನೇ ಹೆಜ್ಜೆ: ಕಳಿಸುವುದು, ಸರಿಯಾದ ಬಾಗಿಲಿಗೆ

ಬ್ರಿಟನ್ನಿನಲ್ಲಿ ಸಂಸತ್ತಿನ ಒಂಬುಡ್ಸ್‌ಮನ್‌ಗೆ ಇಲಾಖೆಯ ಮೇಲಿನ ದೂರು ನೇರವಾಗಿ ಹೋಗಲ್ಲ, ನಿಮ್ಮ ಕ್ಷೇತ್ರದ ಸಂಸದರ ಮೂಲಕ ಹೋಗಬೇಕು. ವಿಷಯ ಗೊತ್ತಾದ ಹನ್ನೆರಡು ತಿಂಗಳೊಳಗೆ ಸಂಸದರಿಗೆ ಕೊಡಬೇಕು ಅನ್ನುವ ನಿಯಮವೂ ಇದೆ, ವಿಶೇಷ ಕಾರಣ ಇದ್ದರೆ ಸಡಿಲಿಸುತ್ತಾರೆ. ಅಭಿಪ್ರಾಯ ಕೊಡುವುದು ಬೇರೆ, ದೂರು ಕೊಡುವುದು ಬೇರೆ. ಅಭಿಪ್ರಾಯ ಕಳಿಸಿದ ಮಾತ್ರಕ್ಕೆ ನಿಮ್ಮ ದೂರು ದಾಖಲಾಯಿತು ಅಂದುಕೊಳ್ಳಬೇಡಿ, ಎರಡನ್ನೂ ಮಾಡಿ. ಈಗ ಅಲ್ಲಿ ವಿಮಾ ಕಂಪನಿಗಳನ್ನು ನೋಡಿಕೊಳ್ಳುವ ಪಿಆರ್‌ಎ, ಎಫ್‌ಸಿಎ ಮೇಲಿನ ದೂರು ಮೊದಲು ಅವರಿಗೇ ಹೋಗುತ್ತದೆ, ಒಪ್ಪಿಗೆಯಾಗದಿದ್ದರೆ ಅದಕ್ಕೆಂದೇ ಇರುವ ಪ್ರತ್ಯೇಕ ದೂರು ಆಯುಕ್ತರಿಗೆ.

ಎಲ್ಲರೂ ಒಂದೇ ಮಾದರಿ ಪತ್ರಕ್ಕೆ ಸಹಿ ಹಾಕಿ ಕಳಿಸುವುದು ಬೇಡ. ಸಾವಿರ ಪತ್ರ ಬಂದರೂ ಒಂದೇ ಅಂತ ಎಣಿಸುವ ಅಪಾಯ ಇದೆ. ಸಂಘ ಬೇಡ ಅಂತಲ್ಲ ಮತ್ತೆ. ಈಕ್ವಿಟಬಲ್ ಪಾಲಿಸಿದಾರರ ಇಮ್ಯಾಗ್ ಅನ್ನುವ ಗುಂಪು ವರ್ಷಗಟ್ಟಲೆ ಹೋರಾಡಿತು. 2008ರ ವರದಿಯ ಕೆಲವು ಅಂಶಗಳನ್ನು ಸರ್ಕಾರ ಒಪ್ಪದೆ ತಳ್ಳಿಹಾಕಿದಾಗ 2009ರಲ್ಲಿ ಹೈಕೋರ್ಟಿಗೆ ಹೋಗಿ ಭಾಗಶಃ ಗೆದ್ದಿತು ಕೂಡ. ಕಾನೂನಿನ ವಾದ, ದೊಡ್ಡ ಲೆಕ್ಕ ಸಂಘದವರು ಬರೆಯಲಿ. ನಿಮ್ಮ ತಾರೀಕು, ನಿಮ್ಮ ಕಾಗದ, ನಿಮ್ಮ ನಿರ್ಧಾರ ನೀವು ಬರೆಯಿರಿ.

ನಮ್ಮ ಕಡೆ ಈ ಬಾಗಿಲುಗಳೇ ಬೇರೆ. ವಿಮಾ ಒಂಬುಡ್ಸ್‌ಮನ್ ಕಚೇರಿ ಬೆಂಗಳೂರಲ್ಲೂ ಇದೆ, ಆದರೆ ಅದು ಕಂಪನಿಯ ಮೇಲಿನ ದೂರಿಗೆ, ನಿಯಂತ್ರಕ ಐಆರ್‌ಡಿಎಐ ಮೇಲಿನದಕ್ಕಲ್ಲ. ಕರ್ನಾಟಕ ಲೋಕಾಯುಕ್ತ ಕಾಯ್ದೆಯಲ್ಲಿ ‘ದುರಾಡಳಿತ’ ಅನ್ನುವ ಪದ 1984ರಿಂದಲೂ ಇದೆ, ಆದರೆ ಅದು ರಾಜ್ಯದ ಅಧಿಕಾರಿಗಳಿಗೆ. ಸಹಕಾರ ಸೊಸೈಟಿ ಆದರೆ ಸಹಕಾರ ಸಂಘಗಳ ನಿಬಂಧಕರು, 1959ರ ಕಾಯ್ದೆಯ ಕಲಂ 64ರ ವಿಚಾರಣೆ. ಬಾಗಿಲು ಯಾವುದಾದರೂ ಆಗಲಿ, ಮೂರು ಕಂಬದ ಹಾಳೆ ಅದೇ.

ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಇಲ್ಲವೇ ಕೈಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಟಪಾಲಿನವರು "ನಾಳೆ ಬನ್ನಿ" ಅಂದರೆ ನಾಳೆಯೂ ಹೋಗಿ.

ಕಳಿಸಿದ ಮೇಲೆ

ಕಾಯಬೇಕು, ತುಂಬಾ ಕಾಯಬೇಕು. ಆನ್ ಅಬ್ರಹಾಂ ಹೊಸ ತನಿಖೆ ಮಾಡುತ್ತೇನೆ ಅಂತ ಪ್ರಕಟಿಸಿದ್ದು 2004ರ ಜುಲೈ. ವರದಿ ಬಂದದ್ದು 2008ರ ಜುಲೈ. ಐದು ಸಂಪುಟ, ದುರಾಡಳಿತದ ಹತ್ತು ತೀರ್ಮಾನ. ಸರ್ಕಾರದ ಉತ್ತರ 2009ರ ಜನವರಿ. ಹಣ ಹಂಚಲು ಶುರುವಾದದ್ದು 2011ರ ಜೂನ್. ಯೋಜನೆ ಮುಚ್ಚಿದ್ದು 2015ರ ಕೊನೆಗೆ, ಅಷ್ಟರಲ್ಲಿ 9,32,805 ಪಾಲಿಸಿದಾರರಿಗೆ 112 ಕೋಟಿ ಪೌಂಡ್ ಹೋಗಿತ್ತು. ಕೆಲವರಿಗೆ ಸಿಕ್ಕಿದ್ದು ಬದುಕಿದ್ದಾಗ ಅಲ್ಲ, ಅವರ ವಾರಸುದಾರರಿಗೆ. ಕಂಪನಿಯ ಉಳಿದ ಪಾಲಿಸಿಗಳಲ್ಲಿ ಬಹುತೇಕ 2020ರ ಜನವರಿ 1ಕ್ಕೆ ಅಟ್‌ಮೋಸ್ಟ್ ಲೈಫ್ ಅನ್ನುವ ಕಂಪನಿಗೆ ಹೋದವು.

ಹಾಗಾಗಿ ಕಡತವನ್ನು ನಿಮಗೊಬ್ಬರಿಗೇ ಗೊತ್ತಿರುವ ಜಾಗದಲ್ಲಿ ಇಡಬೇಡಿ. ವಿಳಾಸ ಬದಲಾದರೆ ತಿಳಿಸಿ. ನಾಮಿನಿ ಯಾರು ಅಂತ ಒಂದು ಚೀಟಿ ಕಡತದ ಮೇಲೇ ಅಂಟಿಸಿ.

ಟೀಚರಮ್ಮನ ಅರ್ಜಿಯನ್ನು ನಾವು ಮತ್ತೆ ಬರೆದೆವು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಇಲಾಖೆಯಿಂದ ಸೊಸೈಟಿಯ ಮೂರು ವರ್ಷದ ಆಡಿಟ್ ವರದಿ ತೆಗೆಸಿದಾಗ, ಮೂರರಲ್ಲೂ ಒಂದೇ ಆಕ್ಷೇಪಣೆ ಅಕ್ಷರ ಬದಲಾಗದೆ ಇತ್ತು, ಕೆಳಗೆ ಇಲಾಖೆಯ ಸೀಲೂ ಇತ್ತು. ಹೊಸ ಅರ್ಜಿ ಒಂದೂವರೆ ಪುಟ. ಕಾರು, ಪೆಂಡಾಲು ಎರಡನ್ನೂ ತೆಗೆಯಲು ಅವರು ಸುಲಭವಾಗಿ ಒಪ್ಪಲಿಲ್ಲ. "ಪೆಂಡಾಲು ಒಂದಾದ್ರೂ ಇರ್ಲಿ ಬಿಡಪ್ಪ" ಅಂದರು. ಕೊನೆಗೆ ಅದೂ ಹೋಯಿತು. ಈ ಸಲ ಬಂದ ಹಿಂಬರಹದಲ್ಲಿ ವಿಚಾರಣಾಧಿಕಾರಿಯ ಹೆಸರು ಮತ್ತು ಹಾಜರಾಗಬೇಕಾದ ತಾರೀಕು ಇತ್ತು.